ಹಳೇ ವೇಗ, ಹೊಸ ಜಾಗ

ಫೆಬ್ರವರಿ ೩, ಸೋಮವಾರ

ಇವತ್ತಿನಿಂದ ದಿನಚರಿ. ನನ್ನ ಸಿಟ್ಟನ್ನು ಕೇಳಿಸಿಕೊಳ್ಳುವ ತಾಳ್ಮೆ ಮನೆಯಲ್ಲಿ ಯಾರಿಗೂ ಉಳಿದಿಲ್ಲ. "ಕುಕ್ಕರ್ ಆದ್ರೆ ಮೂರು ಸಲ ಕೂಗಿದ ಮೇಲೆ ಇಳಿಸಬಹುದು. ನಿನ್ನನ್ನ ಯಾವಾಗಪ್ಪ ಇಳಿಸೋದು?" ಎಂದು ಅಮ್ಮ ಕೇಳಿದಳು. ಕಾಗದ ಹಾಗೆಲ್ಲ ಕೇಳುವುದಿಲ್ಲ.

ಸಿಟ್ಟು ನಂಬರ್ ಒಂದು: ನಾನು ಓದುತ್ತಿರುವುದು ಜಂಟಿ ಪದವಿ. ಭೌತಶಾಸ್ತ್ರ, ಗಣಕ ವಿಜ್ಞಾನ ಎರಡೂ ಒಟ್ಟಿಗೆ, ನಾಲ್ಕು ವರ್ಷ. ಹೆಸರಿಗೆ ಜಂಟಿ, ಅನುಭವಕ್ಕೆ ಒಂಟಿ. ಭೌತಶಾಸ್ತ್ರದವರ ಕಣ್ಣಿಗೆ ನಾನು ಪ್ರಿಂಟರ್ ಕೆಟ್ಟಾಗ ಕರೆಯಬೇಕಾದ ಕಂಪ್ಯೂಟರ್ ಹುಡುಗ. ಕಂಪ್ಯೂಟರಿನವರ ಕಣ್ಣಿಗೆ ಫ್ಯಾನ್ ತಿರುಗುವುದನ್ನು ನೋಡುತ್ತ ಕೂರುವ ಭೌತಶಾಸ್ತ್ರದ ಹುಡುಗ. ಅವರು ಕೇಕ್ ಕತ್ತರಿಸುವಾಗ ನಾನು ಇವರ ಕಡೆಯವನು, ಇವರು ಕತ್ತರಿಸುವಾಗ ಅವರ ಕಡೆಯವನು. ಹೀಗಾಗಿ ನಾಲ್ಕು ವರ್ಷದಲ್ಲಿ ಒಂದು ಚೂರು ಕೇಕೂ ತಿಂದಿಲ್ಲ. ಯಾರಾದರೂ "ಯಾವ ವಿಭಾಗ?" ಎಂದು ಕೇಳಿದರೆ ನನ್ನದು ಸಿದ್ಧ ಉತ್ತರ: "ಯಾವುದೂ ಅಲ್ಲ."

ಸಿಟ್ಟು ನಂಬರ್ ಎರಡು: ಇವತ್ತು ಆಫೀಸಿನ ಮುಂದೆ ನೋಟೀಸು. ಜಂಟಿ ಪದವಿ ನಮ್ಮ ತಂಡಕ್ಕೇ ಕೊನೆ. ತಂಡ ಅಂದರೆ ಇಬ್ಬರು. ಮಾರ್ಚ್ ಹದಿನಾಲ್ಕರೊಳಗೆ ನಮ್ಮ ಪ್ರಾಜೆಕ್ಟಿಗೆ ಎರಡೂ ವಿಭಾಗದ ಗೈಡುಗಳು ಸಹಿ ಹಾಕಬೇಕು. ಒಬ್ಬರೇ ಹಾಕಿದರೆ ಆ ವಿಭಾಗದ ಪದವಿ ಮಾತ್ರ ಸಿಗುತ್ತದೆ. ಇನ್ನೊಂದರಲ್ಲಿ ಓದಿದ್ದೆಲ್ಲ "ಹೆಚ್ಚುವರಿ ಜ್ಞಾನ" ಎಂದು ಪರಿಗಣನೆ.

"ಹೆಚ್ಚುವರಿ ಜ್ಞಾನ ಅಂದ್ರೇನ್ರೀ?" ಎಂದು ಆಫೀಸಿನ ಗುಮಾಸ್ತರನ್ನು ಕೇಳಿದೆ. ಮೊಹರು ಒತ್ತುವುದನ್ನು ನಿಲ್ಲಿಸದೆಯೇ ಹೇಳಿದರು: "ತಲೇಲಿ ಇಟ್ಕೋಬಹುದು. ಸರ್ಟಿಫಿಕೇಟಲ್ಲಿ ಇರಲ್ಲ."

ಸಹಿ! ಆ ಮೊದಲ ಅಕ್ಷರಕ್ಕೊಂದು ಗುಡಿಸು ಕೊಟ್ಟಿದ್ದರೆ ಸಿಹಿ ಆಗುತ್ತಿತ್ತು. ಕೊಡುವವರು ಯಾರು?

ಫೆಬ್ರವರಿ ೫, ಬುಧವಾರ

ಗೈಡಿಗೆ ಕನ್ನಡದಲ್ಲಿ ಮಾರ್ಗದರ್ಶಕ ಎನ್ನುತ್ತಾರೆ. ನಮಗೆ ಮಾರ್ಗವೂ ಸಿಕ್ಕಿಲ್ಲ, ದರ್ಶನವೂ ಅಪರೂಪ. ಸೌರಮಂಡಲಕ್ಕೆ ಗುರು ಒಂದೇ. ನಮಗೆ ಎರಡು, ಎರಡೂ ವಕ್ರಗತಿಯಲ್ಲಿ.

ಭೌತಶಾಸ್ತ್ರದ ಗೈಡು ಘರ್ಷಣೆ ಮೇಡಂ. ಹೆಸರಿಟ್ಟವನು ನಾನೇ. ಅವರು ಕಾಲಿಟ್ಟ ಕಡೆಯೆಲ್ಲ ಸ್ವಲ್ಪ ಬಿಸಿ ಹುಟ್ಟುತ್ತದೆ. ಯಾವ ಸಂಖ್ಯೆ ತೋರಿಸಿದರೂ ಅವರದು ಒಂದೇ ಪ್ರಶ್ನೆ: "ಯಾವಾಗಿನದು?" ವೇಗ ಇಷ್ಟು ಎಂದರೆ "ಯಾವಾಗಿನ ವೇಗ?" ದೂರ ಇಷ್ಟು ಎಂದರೆ "ಯಾವಾಗಿನ ದೂರ?" ಒಂದು ಸಲ ನಾನು ಗುಡ್ ಮಾರ್ನಿಂಗ್ ಎಂದಾಗಲೂ ಗಡಿಯಾರ ನೋಡಿಕೊಂಡರು.

ಗಣಕದ ಗೈಡು ಲೂಪ್ ಸರ್. ಎಲ್ಲಿ ನಿಲ್ಲಬೇಕೆಂದು ಬರೆಯಲು ಮರೆತ ಪ್ರೋಗ್ರಾಮಿನಂತೆ ಹೇಳಿದ್ದನ್ನೇ ಹೇಳುತ್ತಾರೆ. ಅವರದೊಂದು ಕಾನೂನಿದೆ: ಪ್ರೋಗ್ರಾಂ ಬರೆದ ಮೇಲೆ ಅದನ್ನು ಸಾಲು ಸಾಲಾಗಿ, ಮನುಷ್ಯರ ಮಾತಿನಲ್ಲಿ, ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕು. "ಕೇಳೋರಿಗೆ ಅಡ್ಡಬಾಯಿ ಹಾಕೋ ಹಕ್ಕಿದೆ. ಓದೋನಿಗೆ ಸಿಟ್ಟಾಗೋ ಹಕ್ಕಿಲ್ಲ." ಎರಡನೇ ವಾಕ್ಯ ನನ್ನನ್ನು ನೋಡಿದ ಮೇಲೆ ಸೇರಿಸಿದ್ದು. ನಾವು ಒಮ್ಮೆಯೂ ಹಾಗೆ ಓದಿಲ್ಲ. ಓದಿದ್ದೇವೆ ಎಂದು ಹೇಳಿದ್ದೇವೆ.

ಈ ಪದವಿಯನ್ನು ಹುಟ್ಟುಹಾಕಿದ್ದು ಇವರಿಬ್ಬರೇ ಸೇರಿ. ಈಗ ಮಾತಿಲ್ಲ. ಯಾವುದೋ ತಿರುಗುವ ಕುರ್ಚಿ ಯಾವ ವಿಭಾಗಕ್ಕೆ ಸೇರಬೇಕೆಂಬ ಜಗಳವಂತೆ. ಕುರ್ಚಿ ಆಮೇಲೆ ತಿರುಗುವುದನ್ನು ನಿಲ್ಲಿಸಿತು, ಇವರು ಮುಖ ತಿರುಗಿಸಿದ್ದು ಹಾಗೆಯೇ ಉಳಿಯಿತು. ಮೇಡಂ "ನಿಮ್ಮ ಸರ್‌ಗೆ ಹೇಳು" ಎನ್ನುತ್ತಾರೆ, ಸರ್ "ನಿಮ್ಮ ಮೇಡಂಗೆ ಹೇಳು" ಎನ್ನುತ್ತಾರೆ. ನಾನು ನಿಜಕ್ಕೂ ಓದುತ್ತಿರುವುದು ಅಂಚೆ ವಿಜ್ಞಾನ.

ನಮ್ಮ ಕೋಣೆಯೂ ಹಾಗೇ ಇದೆ. ಎರಡು ಕಟ್ಟಡಗಳ ನಡುವಿನ ಓಣಿಯಲ್ಲಿ ಗೋಡೆ ಎಬ್ಬಿಸಿ ಮಾಡಿದ್ದು. ಆ ಕಡೆ ಒಂದು ಬಾಗಿಲು, ಈ ಕಡೆ ಒಂದು ಬಾಗಿಲು. ಎರಡೂ ತೆರೆದಿದ್ದರೆ ಗಾಳಿ ಬಂದು ಕಾಗದವೆಲ್ಲ ಹಾರುತ್ತದೆ, ಮುಚ್ಚಿದರೆ ಉಸಿರು ಕಟ್ಟುತ್ತದೆ.

ತಂಡದ ಇನ್ನೊಬ್ಬರು ದಶಾಂಶ. ಮದುವೆ, ಮಗಳು, ಔಷಧಿ ಅಂಗಡಿಯ ಕೌಂಟರಿನಲ್ಲಿ ಹಲವು ವರ್ಷ, ಇಷ್ಟೆಲ್ಲ ಆದ ಮೇಲೆ ಓದಲು ಬಂದವರು. ಯಾವ ಉತ್ತರವನ್ನೂ ಆರು ದಶಾಂಶ ಸ್ಥಾನಕ್ಕೆ ಮುಂಚೆ ನಿಲ್ಲಿಸುವುದಿಲ್ಲ. ಆದರೆ ಮಗಳ ಶಾಲೆ ಬಿಡುವ ಹೊತ್ತಾದರೆ ಯಾವುದನ್ನೂ ಎಲ್ಲಿ ಬೇಕಾದರೂ ನಿಲ್ಲಿಸಿ ಎದ್ದುಬಿಡುತ್ತಾರೆ. ಸಿಟ್ಟು ನಂಬರ್ ಮೂರು.

ಫೆಬ್ರವರಿ ೧೧, ಮಂಗಳವಾರ

ಪ್ರಾಜೆಕ್ಟಿನ ವಿಷಯ: ಒಂದು ಸೂರ್ಯ, ಒಂದು ಗ್ರಹ. ಗ್ರಹ ಸೂರ್ಯನನ್ನು ಸುತ್ತುವುದನ್ನು ಕಂಪ್ಯೂಟರಿನಲ್ಲಿ ಪುಟ್ಟ ಪುಟ್ಟ ಹೆಜ್ಜೆಗಳಾಗಿ ಲೆಕ್ಕ ಹಾಕಿ ಸಾವಿರ ವರ್ಷ ಓಡಿಸಿ ತೋರಿಸಬೇಕು. ಶೀರ್ಷಿಕೆ "ಗ್ರಹಗಳ ಚಲನೆ" ಎಂದಿದೆ. ಗ್ರಹಚಾರ ಎಂದಿದ್ದರೆ ಸಾಕಿತ್ತು, ಅರ್ಥವೂ ಅದೇ, ಅನುಭವವೂ ಅದೇ.

ಇವತ್ತು ಮೊದಲ ಸಲ ಓಡಿಸಿದೆವು. ಗ್ರಹ ಒಂದೆರಡು ಸುತ್ತು ಮರ್ಯಾದೆಯಿಂದ ಹಾಕಿತು. ಆಮೇಲೆ ಪ್ರತಿ ಸುತ್ತಿಗೂ ಸ್ವಲ್ಪ ದೂರ, ಸ್ವಲ್ಪ ದೂರ, ಕೊನೆಗೆ ಪರದೆಯ ಮೂಲೆಯಿಂದ ಆಚೆಗೆ ಹೋಗಿಯೇಬಿಟ್ಟಿತು. ಶಕ್ತಿಯ ಗೆರೆ ನೆಲಕ್ಕೆ ಸಮನಾಗಿ ಇರಬೇಕು. ಗ್ರಹದ ಒಟ್ಟು ಶಕ್ತಿ ತಾನಾಗಿ ಹೆಚ್ಚುವುದಿಲ್ಲ, ಕಡಿಮೆಯಾಗುವುದಿಲ್ಲ. ನಮ್ಮ ಗೆರೆ ಏಣಿ ಹತ್ತಿದಂತೆ ಹತ್ತುತ್ತಿದೆ.

ಮೇಡಂ: "ಭೌತಶಾಸ್ತ್ರ ಸರಿಯಾಗೇ ಇದೆ. ಪ್ರೋಗ್ರಾಂ ತಪ್ಪು. ನಿಮ್ಮ ಸರ್‌ಗೆ ಹೇಳು."

ಸರ್: "ಪ್ರೋಗ್ರಾಂ ಬರೆದಂಗೇ ಓಡ್ತಿದೆ. ಸೂತ್ರ ತಪ್ಪು. ನಿಮ್ಮ ಮೇಡಂಗೆ ಹೇಳು. ಓದಿ ನೋಡಿದ್ರಾ? ಗಟ್ಟಿಯಾಗಿ? ಓದಿ ನೋಡಿ. ಗಟ್ಟಿಯಾಗಿ."

ಸೂತ್ರ ಬರೆದವನು ನಾನು, ಪ್ರೋಗ್ರಾಂ ಬರೆದವರು ದಶಾಂಶ. ಅಂದರೆ ತಪ್ಪು ಯಾರದೆಂದು ಹೇಳಬೇಕಾಗಿಯೇ ಇಲ್ಲ. ಅಷ್ಟರಲ್ಲಿ ಅವರು ಚೀಲ ಹೆಗಲಿಗೆ ಹಾಕಿಕೊಂಡಾಗಿತ್ತು. ಮಗಳಿಗೆ ಜ್ವರವಂತೆ.

"ನೋಡಿ ಮೇಡಂ," ಎಂದೆ, ಸಿಟ್ಟು ಬಂದಾಗ ನಾನು ಎಲ್ಲರನ್ನೂ ಮೇಡಂ ಎನ್ನುತ್ತೇನೆ, "ಏನಾದ್ರೂ ಮಾಡಿ, ಹೇಗಾದ್ರೂ ಮಾಡಿ, ನಂಗೆ ಆ ಗೆರೆ ನೆಟ್ಟಗಾಗ್ಬೇಕು ಅಷ್ಟೆ. ಹೇಗೆ ಅಂತ ಹೇಳೋಕೂ ಬರ್ಬೇಡಿ."

"ಸರಿಯಪ್ಪ ತಮ್ಮ," ಎಂದು ಹೋದರು. ತಮ್ಮ ಅಂತೆ ತಮ್ಮ!

ಫೆಬ್ರವರಿ ೧೩, ಗುರುವಾರ

ಗೆರೆ ನೆಟ್ಟಗಾಗಿದೆ! ರೂಲರ್ ಇಟ್ಟು ಎಳೆದಂತಿದೆ. ಲೂಪ್ ಸರ್ ನೋಡಿದರು, ಮತ್ತೆ ನೋಡಿದರು, ಇನ್ನೊಮ್ಮೆ ನೋಡಿ ಸಹಿ ಹಾಕಿದರು. ಅರ್ಧ ಪದವಿ ಜೇಬಿನಲ್ಲಿ.

ಹಾಗಾದರೆ ತಪ್ಪು ಪ್ರೋಗ್ರಾಮಿನದೇ ತಾನೆ? ನಾನು ಮೊದಲೇ ಹೇಳಿರಲಿಲ್ಲವೇ?

ಫೆಬ್ರವರಿ ೧೮, ಮಂಗಳವಾರ

ಘರ್ಷಣೆ ಮೇಡಂ ಆ ಗೆರೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ನೋಡಿದರು.

"ಇದ್ಯಾಕೋ ತುಂಬ ನೆಟ್ಟಗಿದೆಯಲ್ಲ."

ನೆಟ್ಟಗಿಲ್ಲ ಎಂದು ಬೈಸಿಕೊಂಡಿದ್ದೇನೆ. ನೆಟ್ಟಗಿದೆ ಎಂದು ಬೈಸಿಕೊಂಡಿದ್ದು ಜೀವನದಲ್ಲಿ ಇದೇ ಮೊದಲು. "ಮೇಡಂ, ಶಕ್ತಿ ಬದಲಾಗಲ್ಲ ಅಂತ ಹೇಳಿಕೊಟ್ಟಿದ್ದು ನೀವೇ ಅಲ್ವಾ?" ಎಂದೆ. ದನಿ ಸ್ವಲ್ಪ ಏರಿತ್ತು. ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ನೋಡಿ ಹೋದರು.

"ಗ್ರಹ ಬದಲಾಯಿಸಲ್ಲ. ಆದ್ರೆ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕೋ ಯಂತ್ರ ಸ್ವಲ್ಪನಾದ್ರೂ ತಡವರಿಸ್ಬೇಕು. ಒಂದು ಕೆಲ್ಸ ಮಾಡು. ಸೂರ್ಯನ ಸುತ್ತ ಅದರ ಸುತ್ತುವ ರಭಸ ಇದೆಯಲ್ಲ, ಕೋನೀಯ ಸಂವೇಗ, ಅದರ ಗೆರೆಯನ್ನೂ ಹಾಕಿ ತಗೊಂಡ್ಬಾ. ಅದೂ ನೆಟ್ಟಗಿದ್ರೆ ಸಹಿ ಹಾಕ್ತೀನಿ."

ಹೊರಗೆ ಬಂದು ಮೆಟ್ಟಿಲಿಗೆ ಒದ್ದೆ. ಮೆಟ್ಟಿಲಿಗೆ ಏನೂ ಆಗಲಿಲ್ಲ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಹೆಬ್ಬೆರಳಿಗೆ ಗೊತ್ತಾಯಿತು.

ಫೆಬ್ರವರಿ ೨೦, ಗುರುವಾರ

ಎರಡನೇ ಗೆರೆ ನೆಟ್ಟಗಿಲ್ಲ. ಸದ್ದಿಲ್ಲದೆ, ಮೆಲ್ಲಗೆ, ಕಳ್ಳನ ಹಾಗೆ ವಾಲುತ್ತಿದೆ. ಗ್ರಹದ ದಾರಿಯ ಆಕಾರವೇ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ. ಶಕ್ತಿ ಮಾತ್ರ ಸತ್ಯಹರಿಶ್ಚಂದ್ರ.

ಪ್ರೋಗ್ರಾಂ ತೆರೆದು ನೋಡಿದೆ. ಕೊನೆಯಲ್ಲಿ ಒಂದು ಹೊಸ ಸಾಲು. ಅದರ ಅರ್ಥ ಇಷ್ಟು: ಪ್ರತಿ ಹೆಜ್ಜೆ ಮುಗಿದ ಮೇಲೆ, ಶಕ್ತಿ ಹೆಚ್ಚಾಗಿದ್ದರೆ ಅದು ಮೊದಲಿನಷ್ಟಕ್ಕೆ ಬರುವವರೆಗೂ ವೇಗವನ್ನು ಕತ್ತರಿಸು. ಗೆರೆ ತಾನಾಗಿ ನೆಟ್ಟಗಾಗಿರಲಿಲ್ಲ, ಕಿವಿ ಹಿಂಡಿ ನಿಲ್ಲಿಸಿದ್ದು! ತಕ್ಕಡಿಯ ತಟ್ಟೆಗೆ ಹೆಬ್ಬೆರಳು ಒತ್ತಿ ತೂಕ ಸರಿಯಾಗಿದೆ ಎಂದ ಹಾಗೆ.

ದಶಾಂಶ ಬಂದ ಕೂಡಲೇ ಕೇಳಿದೆ. "ಇದೇನ್ರೀ ಇದು?"

ಅವರು ನೋಡಿ, "ಓ, ಅದಾ. ನೀನೇ ಹೇಳಿದ್ಯಲ್ಲೋ, ಹೇಗಾದ್ರೂ ಮಾಡಿ ಅಂತ," ಎಂದರು.

"ನಾನಾ? ನಾನ್ಯಾವಾಗ ಹೇಳಿದೆ? ಸುಳ್ಳು ಗೆರೆ ಎಳೀರಿ ಅಂತ ನಾನು ಹೇಳ್ತೀನಾ?"

"ಎಳೀರಿ ಅನ್ಲಿಲ್ಲ. ಹೇಗೆ ಅಂತ ಹೇಳ್ಬೇಡಿ ಅಂದೆ. ನಾನು ಹೇಳ್ಲಿಲ್ಲ."

ಇಂಥ ಮಾತು ನನ್ನ ಬಾಯಿಂದ ಬರಲು ಸಾಧ್ಯವೇ ಇಲ್ಲ. ಎರಡೂ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿದೆ. ಔಷಧಿ ಅಂಗಡಿಯಲ್ಲಿ ಹೀಗೇ ತೂಕ ಹಾಕ್ತಿದ್ರಾ ಎಂದೂ ಕೇಳಿದೆ. ದಶಾಂಶ ಚೀಲ ಎತ್ತಿಕೊಂಡರು. ಗಣಕದ ಕಡೆಯ ಬಾಗಿಲಿನಿಂದ ಹೊರಟುಹೋದರು. ನಾನು ಭೌತಶಾಸ್ತ್ರದ ಬಾಗಿಲಿನಿಂದ ಹೊರಟೆ.

ಇದನ್ನೆಲ್ಲ ಬರೆದಿಟ್ಟಿದ್ದು ಒಳ್ಳೆಯದಾಯಿತು. ಹಿಂದಿನ ಪುಟ ತಿರುವಿ ನೋಡುವ ಅಭ್ಯಾಸ ನನಗಿಲ್ಲ, ಆದರೂ ದಾಖಲೆ ದಾಖಲೆಯೇ.

ಫೆಬ್ರವರಿ ೨೧, ಶುಕ್ರವಾರ

ಅವರು ಬರಲಿಲ್ಲ. ಒಳ್ಳೆಯದೇ ಆಯಿತು.

ಫೆಬ್ರವರಿ ೨೬, ಬುಧವಾರ

ಬರಲಿಲ್ಲ.

ಸಂಜೆ ಮಾವ ಬಂದಿದ್ದ. ಮಾವನಿಗೆ ಚಪ್ಪಲಿ ಅಂಗಡಿ, ಉಪಮೆಯೂ ಅಲ್ಲಿಂದಲೇ. "ಅರ್ಧ ಅದು, ಅರ್ಧ ಇದು ಓದಿದ್ರೆ ಒಂದು ಜೊತೆ ಆಗುತ್ತೆ ಅಂದ್ಕೊಂಡಿದ್ದೀಯಾ? ಎರಡೂ ಎಡಗಾಲಿಂದೇ ಆದ್ರೆ ಏನ್ಮಾಡ್ತೀಯೋ?"

"ಕುಂಟ್ಕೊಂಡು ಹೋಗ್ತೀನಿ ಮಾವ."

"ಅದಕ್ಕೇ ಇರ್ಬೇಕು, ಹೆಬ್ಬೆರಳಿಗೆ ಪಟ್ಟಿ ಕಟ್ಟಿರೋದು," ಎಂದಳು ಅಮ್ಮ. ಇಬ್ಬರೂ ನಕ್ಕರು. ನಗುವವರ ಮನೆಯಲ್ಲಿ ಸಿಟ್ಟು ಮಾಡಿಕೊಳ್ಳುವವನ ಕಷ್ಟ ಯಾರಿಗೂ ಬೇಡ.

ಅಮ್ಮ ಕೆಲಸ ಮಾಡುವುದು ಗ್ರಂಥಾಲಯದಲ್ಲಿ, ವಾಪಸು ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು. ನಮ್ಮ ಪಠ್ಯದಂಥ ಪುಸ್ತಕ ಬಂದರೆ ಭೌತಶಾಸ್ತ್ರದ ಕಪಾಟಿಗೂ ಸೇರಿಸದೆ, ಕಂಪ್ಯೂಟರಿನ ಕಪಾಟಿಗೂ ಸೇರಿಸದೆ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಇಡುತ್ತಾಳಂತೆ. "ಅದಕ್ಕೆ ಜಾಗ ಎಲ್ಲಿ ಅಂತ ಗೊತ್ತಾಗೋವರೆಗೂ," ಎನ್ನುತ್ತಾಳೆ. ನನ್ನ ಇಡೀ ವಿದ್ಯಾಭ್ಯಾಸ ಸ್ಟೂಲಿನ ಮೇಲಿದೆ.

ಮಾರ್ಚ್ ೩, ಸೋಮವಾರ

ಆಫೀಸಿಗೆ ಹೋಗಿದ್ದೆ. ಗುಮಾಸ್ತರು ತಾವಾಗಿಯೇ ಹೇಳಿದರು: "ನಿಮ್ಮ ಜೊತೆಯವರು ಬಂದಿದ್ರು. ಗಣಕದ ಸಹಿ ಇದೆಯಲ್ಲ, ಅದೊಂದೇ ಪದವಿ ತಗೋಬಹುದಾ ಅಂತ ಕೇಳ್ಕೊಂಡು ಹೋದ್ರು. ನೀವೂ ಅದೇ ಮಾಡಿ. ಬೇಗ ಮುಗಿಯುತ್ತೆ."

ಬೇಗ ಮುಗಿಯುತ್ತೆ!

ಇದನ್ನೇ ನಾನು ನಾಲ್ಕು ವರ್ಷದಿಂದ ಹೇಳುತ್ತಿದ್ದೆ, ಒಂದನ್ನು ಬಿಟ್ಟುಬಿಡಬೇಕು ಎಂದು. ಅದನ್ನು ದಶಾಂಶ ಮಾಡಿದರೆ ನನಗೇಕೆ ಇಷ್ಟು ಉರಿಯಬೇಕು? ಉರಿಯುತ್ತಿರುವುದು ಅದಕ್ಕಲ್ಲ. ಹೇಳದೆ ಮಾಡಿದ್ದಕ್ಕೆ. ಅಷ್ಟೇ.

ಅವರ ಸಾಲನ್ನು ಪ್ರೋಗ್ರಾಮಿನಿಂದ ಕಿತ್ತುಹಾಕಿ ಮತ್ತೆ ಓಡಿಸಿದೆ. ಗ್ರಹ ಮತ್ತೆ ಮನೆ ಬಿಟ್ಟು ಓಡಿಹೋಯಿತು. ಹೆಜ್ಜೆಯನ್ನು ಚಿಕ್ಕದು ಮಾಡಿದೆ. ಓಡಿಹೋಗುವುದು ನಿಧಾನವಾಯಿತು, ನಿಲ್ಲಲಿಲ್ಲ. ಸೂತ್ರವನ್ನು ಮತ್ತೆ ಮತ್ತೆ ನೋಡಿದೆ. ಸರಿಯಾಗಿದೆ. ಪ್ರೋಗ್ರಾಮನ್ನು ನೋಡಿದೆ. ಅದೂ ಸರಿಯಾಗಿದೆ. ಎರಡು ಸರಿ ಸೇರಿ ಒಂದು ತಪ್ಪು ಹೇಗಾಗುತ್ತದೆ?

ಇನ್ನೂ ಮಾಡದೆ ಉಳಿದದ್ದು ಲೂಪ್ ಸರ್ ಕಾನೂನು ಒಂದೇ. ಅಮ್ಮನನ್ನು ಕೂರಿಸಿ ಓದಲು ಶುರು ಮಾಡಿದೆ. ಎರಡನೇ ಸಾಲಿಗೆ, "ಅಂದ್ರೆ ಇದು ಯಾವ ಕಪಾಟಿಗೆ?" ಎಂದಳು. ನಿಲ್ಲಿಸಿದೆ.

ಮಾರ್ಚ್ ೫, ಬುಧವಾರ

ಜಗಳವಾಡಲೆಂದೇ ದಶಾಂಶ ಅವರ ಮನೆಗೆ ಹೋದೆ. ಬೀಗದ ಅಂಗಡಿಯೊಂದರ ಮೇಲಿನ ಮಹಡಿ. ಬಾಗಿಲು ತೆರೆದವರು ಅವರ ಯಜಮಾನರು. ಅಗ್ನಿಶಾಮಕ ದಳದಲ್ಲಿ ಕೆಲಸವಂತೆ. ನನ್ನ ಮುಖ ನೋಡಿ ಒಳಗೆ ತಿರುಗಿ, "ಬಂದ್ರು ನೋಡು ನಿನ್ನ ತಮ್ಮ. ಹೊಗೆ ಕಾಣಿಸ್ತಿದೆ," ಎಂದರು.

ಒಳಗೆ ಇಸ್ತ್ರಿ ನಡೆಯುತ್ತಿತ್ತು. ಮಗಳು ಮೇಜಿನ ಕೆಳಗೆ ಕೂತು ಯಾವುದಕ್ಕೋ ಬಣ್ಣ ಹಚ್ಚುತ್ತಿದ್ದಳು.

"ಜಗಳಕ್ಕಾದ್ರೆ ನಾಳೆ ಬಾಪ್ಪ. ಇವತ್ತು ಶಾಲೆ ಬಟ್ಟೆ ರಾಶಿ ಬಿದ್ದಿದೆ."

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಬಾಯಲ್ಲೇ ಇದ್ದವು. ಹೊರಗೆ ಬಂದದ್ದು ಬೇರೆ. "ಜಗಳಕ್ಕಲ್ಲ. ಓದಿ ಹೇಳೋಕೆ."

"ಏನು?"

"ಪ್ರೋಗ್ರಾಂ. ಸಾಲು ಸಾಲಾಗಿ. ನೀವು ಅಡ್ಡಬಾಯಿ ಹಾಕ್ಬಹುದು."

"ನಿಂಗೆ ಸಿಟ್ಟಾಗೋ ಹಕ್ಕಿಲ್ಲ, ಗೊತ್ತಿದೆ ತಾನೆ?"

"ಗೊತ್ತಿದೆ!" ಎಂದು ಕೂಗಿದೆ. ಮೇಜಿನ ಕೆಳಗಿನಿಂದ ಮಗು ಇಣುಕಿ ನೋಡಿತು.

ಸ್ಟೂಲಿನ ಮೇಲೆ ಕೂತು ಓದಿದೆ. (ನನ್ನ ಜಾಗ ಎಲ್ಲಿ ಹೋದರೂ ಸ್ಟೂಲೇ.) "ಗ್ರಹ ಇಲ್ಲಿದೆ. ಇಷ್ಟು ವೇಗದಲ್ಲಿ ಹೋಗ್ತಿದೆ. ಸೂರ್ಯ ಎಷ್ಟು ಎಳೀತಿದ್ದಾನೆ ಅಂತ ಲೆಕ್ಕ ಹಾಕು. ಆಮೇಲೆ, ವೇಗಕ್ಕೆ ತಕ್ಕಂತೆ ಗ್ರಹನ ಒಂದು ಹೆಜ್ಜೆ ಮುಂದಕ್ಕೆ ಇಡು. ಆಮೇಲೆ, ಸೂರ್ಯನ ಎಳೆತಕ್ಕೆ ತಕ್ಕಂತೆ ವೇಗ ಬದಲಾಯಿಸು. ಮತ್ತೆ ಮೊದಲಿಂದ."

ಅವರು ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿದರು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ತಲೆ ಒಂದು ಕಡೆ ಓರೆ ಮಾಡಿ, ಥೇಟ್ ಘರ್ಷಣೆ ಮೇಡಂ ದನಿಯಲ್ಲಿ ಕೇಳಿದರು: "ಯಾವಾಗಿನ ವೇಗ?"

ಅವರ ಯಜಮಾನರು ಜೋರಾಗಿ ನಕ್ಕರು. ನನಗೂ ನಗು ಬಂತು. ಮೇಡಂ ಮುಂದೆ ನಿಂತ ಹಾಗೆಯೇ ಕೈ ಕಟ್ಟಿಕೊಂಡು ಉತ್ತರಿಸಿದೆ: "ಹಳೇದು ಮೇಡಂ."

"ಎಳೆತ ಯಾವಾಗಿನದು?"

"ಅದೂ ಹಳೇ..."

ಅಲ್ಲಿಗೆ ನಗು ನಿಂತಿತು. ಅವರದೂ ನಿಂತಿತು. ಯಜಮಾನರು ಒಬ್ಬರೇ ಸ್ವಲ್ಪ ಹೊತ್ತು ನಕ್ಕು, ನಮ್ಮನ್ನು ನೋಡಿ ಸುಮ್ಮನಾದರು.

"ಹಂಗಾದ್ರೆ," ಎಂದರು ಅವರು ತಮ್ಮದೇ ದನಿಯಲ್ಲಿ, ನಿಧಾನವಾಗಿ, "ಸೂರ್ಯ ಇಲ್ಲಿ ಎಳೆದಿದ್ದು ಗ್ರಹಕ್ಕೆ ಗೊತ್ತಾಗೋದು ಒಂದು ಹೆಜ್ಜೆ ಇಟ್ಟಾದ ಮೇಲೆ."

"ಗೊತ್ತಾಗೋ ಹೊತ್ತಿಗೆ ಅದು ನೆಟ್ಟಗೆ ಹೊರಗಡೆ ಒಂದು ಹೆಜ್ಜೆ ಹೋಗಿರುತ್ತೆ."

"ಪ್ರತಿ ಸಲ."

"ಪ್ರತಿ ಸಲ! ಹಳೇ ವೇಗ ಇಟ್ಕೊಂಡು ಹೊಸ ಜಾಗಕ್ಕೆ ಹೋಗ್ತಿದೆ ಕತ್ತೆ!"

"ಮೊದ್ಲು ವೇಗ ಬದಲಾಯಿಸ್ಬೇಕು. ಆಮೇಲೆ ಆ ಹೊಸ ವೇಗದಲ್ಲಿ ಹೆಜ್ಜೆ ಇಡ್ಬೇಕು. ಎರಡು ಸಾಲು ಮೇಲೆ ಕೆಳಗೆ ಮಾಡು."

ಮಾಡಿದೆ. ಎರಡೇ ಸಾಲು, ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಅವರ ಹಳೇ ಕಂಪ್ಯೂಟರ್ ಬಿಸಿಯಾಗಿ ಬುಸುಗುಟ್ಟಿತು. ಗ್ರಹ ಸುತ್ತಿತು. ಮತ್ತೆ ಸುತ್ತಿತು. ಮಗು ಮೇಜಿನ ಕೆಳಗಿನಿಂದ ಬಂದು, "ಇದು ಓಡಿಹೋಗಲ್ವಾ?" ಎಂದು ಕೇಳಿತು. ಇಲ್ಲ ಎಂದೆ. ನಮ್ಮ ಗ್ರಹ ಓಡಿಹೋಗಲಿಲ್ಲ.

ಎಂಥ ಮೂರ್ಖತನ! ಸೂತ್ರದಲ್ಲಿ ಮೊದಲು, ಆಮೇಲೆ ಎಂಬುದಿಲ್ಲ. ಎಲ್ಲವೂ ಒಂದೇ ಕ್ಷಣದಲ್ಲಿ ನಡೆಯುತ್ತದೆ. ಪ್ರೋಗ್ರಾಮಿನಲ್ಲಿ ಎಲ್ಲವೂ ಮೊದಲು, ಆಮೇಲೆ. ನಾನು ಸೂತ್ರ ಕೊಟ್ಟು ಕೈ ತೊಳೆದುಕೊಂಡೆ, ಅವರು ಬರೆದು ಕೈ ತೊಳೆದುಕೊಂಡರು. ನಡುವೆ ಬಿದ್ದಿದ್ದನ್ನು ಎತ್ತಿಕೊಳ್ಳಲು ಯಾರ ಕೈಯೂ ಇರಲಿಲ್ಲ. ಯೋಚಿಸಿದಷ್ಟೂ ಸಿಟ್ಟು ಬರುತ್ತಿದೆ. ಯಾರ ಮೇಲೆ ಎಂದು ಆಮೇಲೆ ನೋಡೋಣ.

ಬರುವಾಗ, "ಆಫೀಸಲ್ಲಿ ಕೇಳಿದ್ರಂತೆ," ಎಂದೆ.

"ಕೇಳ್ದೆ. ಕೇಳೋದ್ರಲ್ಲಿ ಏನಿದೆ? ಅಷ್ಟೆಲ್ಲ ಬೈಸ್ಕೊಂಡ ಮೇಲೆ ಒಂದಾದ್ರೂ ಕೈಗೆ ಸಿಗ್ಲಿ ಅನ್ನಿಸ್ತು. ಈಗ್ಲೂ ನೋಡು, ಲೂಪ್ ಸರ್ ಸಹಿ ಇದೆ. ಅದು ಸುಳ್ಳು ಗೆರೆ ಮೇಲಿನ ಸಹಿ. ನಿಜ ಹೇಳಿದ್ರೆ ಅದೂ ಹೋಗುತ್ತೆ. ಸುಮ್ನಿದ್ರೆ ಇಬ್ರಿಗೂ ಒಂದೊಂದು ಪದವಿ ಗ್ಯಾರಂಟಿ."

"ನೀವೇನ್ಮಾಡ್ತೀರಿ?"

"ನೀನೇನ್ಮಾಡ್ತೀಯ?"

ಮೆಟ್ಟಿಲಿಳಿದೆ. ಮೇಲಿನಿಂದ ಕೂಗಿದರು: "ಔಷಧಿ ಅಂಗಡೀಲಿ ನಾನು ತೂಕ ಹಾಕ್ತಿರ್ಲಿಲ್ಲ ಕಣೋ. ಮಾತ್ರೆನ ಎಣಿಸಿ ಕೊಡ್ತಾರೆ."



ಮಾರ್ಚ್ ೬, ಗುರುವಾರ

ಸಾವಿರ ವರ್ಷ ಓಡಿಸಿದೆವು. ಸುತ್ತುವ ರಭಸದ ಗೆರೆ ನೆಟ್ಟಗೆ, ಯಾರೂ ಕಿವಿ ಹಿಂಡದೆ, ತಾನಾಗಿ. ಶಕ್ತಿಯ ಗೆರೆ ಮಾತ್ರ ನಡುಗುತ್ತದೆ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಮತ್ತೆ ಸ್ವಲ್ಪ ಮೇಲೆ. ಆದರೆ ಎಲ್ಲಿಗೂ ಹೋಗುವುದಿಲ್ಲ. ಸಾವಿರ ವರ್ಷ ಸಿಡುಕುತ್ತ ಅಲ್ಲೇ ಇರುತ್ತದೆ.

ದಶಾಂಶ ಅಕ್ಕ ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಏನೋ ಹೇಳಲು ಹೋಗಿ ಸುಮ್ಮನಾದಳು. ಏನು ಎಂದು ಕೇಳಿದೆ. ಏನಿಲ್ಲ ಎಂದಳು. ಇಂಥದ್ದಕ್ಕೇ ನನಗೆ ಮೈ ಉರಿಯುವುದು.

ಮಾರ್ಚ್ ೧೪, ಶುಕ್ರವಾರ

ಮೇಡಂ ತಮ್ಮ ಬಾಗಿಲಿನಿಂದ ಬಂದರು, ಸರ್ ತಮ್ಮ ಬಾಗಿಲಿನಿಂದ. ಇಬ್ಬರೂ ಕೂತು ನನ್ನನ್ನೇ ನೋಡುತ್ತಿದ್ದರು. ಒಬ್ಬರನ್ನೊಬ್ಬರು ನೋಡದೆ ಇರಲು ನಾನೇ ಅನುಕೂಲವಾದ ಜಾಗ.

ಅಕ್ಕ ಬಾಯಿ ತೆರೆಯುವುದರೊಳಗೆ ನಾನೇ ಎದ್ದೆ. ಹಿಂದಿನ ರಾತ್ರಿ ಏನೂ ನಿರ್ಧಾರ ಮಾಡಿರಲಿಲ್ಲ. ಆ ಎರಡು ಮುಖ ನೋಡಿ ಸಿಟ್ಟು ಬಂತು, ಅಷ್ಟೇ. "ಮೊದಲು ಒಂದು ವಿಷಯ. ಹೋದ ಸಲ ತೋರಿಸಿದ ಗೆರೆ ಸುಳ್ಳು. ಪ್ರತಿ ಹೆಜ್ಜೆಗೂ ವೇಗ ಕತ್ತರಿಸೋ ಒಂದು ಸಾಲು ನಾವು ಹಾಕಿದ್ವಿ."

ಅಕ್ಕ ತಿರುಗಿ ನೋಡಿದಳು. ನಾವು ಎಂದು ಯಾಕೆ ಬಂತೋ, ಮಾತಿನ ಭರದಲ್ಲಿ.

"ನಾನು ಸಹಿ ಹಾಕಿದ್ದೀನಲ್ಲೋ!" ಎಂದರು ಲೂಪ್ ಸರ್.

"ಹೌದು ಸರ್. ವಾಪಸ್ ತಗೊಳ್ಳಿ."

ಅವರು ತಮ್ಮ ಸಹಿಯ ಮೇಲೆ ಗೆರೆ ಎಳೆದರು. ಆ ಗೆರೆ ನೆಟ್ಟಗಿತ್ತು. ಕೈಯಲ್ಲಿದ್ದ ಅರ್ಧವೂ ಹೋಯಿತು. ನನ್ನದೂ ಹೋಯಿತು, ಅಕ್ಕನದೂ ಹೋಯಿತು.

ಹೊಸ ಗೆರೆ ತೋರಿಸಿದೆವು.

"ಇದು ನಡುಗ್ತಿದೆಯಲ್ಲ," ಎಂದರು ಸರ್. "ಶಕ್ತಿ ಒಂದೇ ಇರ್ಬೇಕು. ನನ್ನ ಪರೀಕ್ಷೆ ಪ್ರಕಾರ ಇದು ಫೇಲ್."

ಮೇಡಂ ನನ್ನ ಕಡೆ ತಿರುಗಿ, "ನಿಮ್ಮ ಸರ್‌ಗೆ ಹೇಳು, ನಡುಗೋದು ಬೇರೆ, ಜಾರೋದು ಬೇರೆ."

"ನಿಮ್ಮ ಮೇಡಂಗೆ ಹೇಳು, ಇಷ್ಟು ನಡುಗಿದ್ರೆ ಅದಕ್ಕೆ ಚಳಿಜ್ವರ ಅಂತಾರೆ."

"ಇಬ್ರೂ ಇಲ್ಲೇ ಕೂತಿದ್ದೀರಲ್ಲ!" ಕೂಗಿದ್ದು ನಾನೇ. "ಮೊಣಕೈ ಮೊಣಕೈಗೆ ತಾಗ್ತಿದೆ! ನೀವೇ ಹೇಳ್ಕೊಳ್ಳಿ! ನಾನೇನು ಪೋಸ್ಟ್‌ಮ್ಯಾನಾ?"

ಗಾಳಿಗೆ ಒಂದು ಕಾಗದ ಹಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

"ಸರ್," ಎಂದಳು ಅಕ್ಕ ಮೆಲ್ಲಗೆ, "ಇವನು ಓದಿ ಹೇಳ್ತಾನೆ. ನಿಮ್ಮ ಕಾನೂನು ಪ್ರಕಾರ."

ಓದಿದೆ. ಗಟ್ಟಿಯಾಗಿ. ಹೆಜ್ಜೆ ಇಡುವ ಸಾಲಿಗೆ ಬರುತ್ತಿದ್ದಂತೆ ಮೇಡಂ ಅಡ್ಡಬಾಯಿ ಹಾಕಿದರು: "ಯಾವಾಗಿನ ವೇಗ?"

"ಹೊಸದು ಮೇಡಂ. ಈಗಷ್ಟೇ ಬದಲಾಗಿದ್ದು. ಮೊದಲು ಹಳೇದಿತ್ತು, ಅದಕ್ಕೇ ಗ್ರಹ ಓಡಿಹೋಗ್ತಿದ್ದಿದ್ದು."

ಸರ್ ಕುರ್ಚಿಯಿಂದ ಎದ್ದರು. "ಅಂದ್ರೆ ಎರಡು ಸಾಲು ಹಿಂದೆಮುಂದೆ ಮಾಡಿದ್ದು, ಅಷ್ಟೇನಾ?"

"ಅಷ್ಟೇನಾ ಅಂದ್ರೇನ್ರೀ?" ಎಂದರು ಮೇಡಂ. ನೇರವಾಗಿ. ಅವರಿಗೆ. "ಇಷ್ಟು ದಿನ ನಿಮ್ಮ ಕಣ್ಣಿಗೆ ಬಿತ್ತಾ?"

"ನಿಮ್ಮ ಕಣ್ಣಿಗೆ ಬಿದ್ದಿತ್ತಾ?"

"ನಂಗೆ ಪ್ರೋಗ್ರಾಂ ತೋರಿಸಿದ್ರೆ ತಾನೆ ಬೀಳೋಕೆ!"

"ನಂಗೆ ಸೂತ್ರ ಯಾರು ತೋರಿಸಿದ್ರು?"

ಆಮೇಲೆ ನಾವು ಆ ಕೋಣೆಯಲ್ಲಿ ಇರಲೇ ಇಲ್ಲ ಎನ್ನಬೇಕು. ಮೇಡಂ ಬೋರ್ಡಿನ ಮೇಲೆ ಏನೋ ಬರೆದರು, ಸರ್ ಒರೆಸಿದರು, ಒರೆಸಿದ್ದಕ್ಕೆ ಜಗಳ. ಕುರ್ಚಿಯ ಹೆಸರೂ ಒಂದು ಸಲ ಬಂತು. "ಹಾಗಾದ್ರೆ ನಾನು ಪರೀಕ್ಷೆ ಹೇಗೆ ಬರೀಬೇಕು ಅಂತೀರಿ?" ಎಂದು ಸರ್ ಕೇಳಿದರು. "ಏರಿಳಿತ ಇರ್ಲಿ. ಹತ್ತಿಹೋಗ್ಬಾರದು. ಅದನ್ನ ಪರೀಕ್ಷೆ ಮಾಡಿ," ಎಂದರು ಮೇಡಂ. "ಅದನ್ನ ಮೊದಲೇ ಹೇಳೋಕೇನಾಗಿತ್ತು?" "ಯಾರಿಗೆ ಹೇಳ್ಬೇಕಿತ್ತು? ಮಾತಾಡ್ತಿದ್ರಾ ನೀವು?"

ಸಹಿಗೆ ಇವತ್ತೇ ಕೊನೆಯ ದಿನ, ಸಂಜೆಯಾಗುತ್ತಿತ್ತು. ಇವರು ನೋಡಿದರೆ ಜಗಳದಲ್ಲಿ ಮೈಮರೆತಿದ್ದಾರೆ! ನಾನು ಇನ್ನೊಮ್ಮೆ ಕೂಗಲು ಉಸಿರು ತೆಗೆದುಕೊಂಡೆ. ಅಕ್ಕ ನನ್ನ ತೋಳು ಹಿಡಿದು ಕೂರಿಸಿ, ಎದ್ದು ಹೋಗಿ ಕಾಗದವನ್ನೂ ಪೆನ್ನನ್ನೂ ಸರ್ ಕೈಯಲ್ಲಿಟ್ಟಳು. ಅವರು ಮೇಡಂ ಜೊತೆ ಮಾತು ನಿಲ್ಲಿಸದೆಯೇ ಸಹಿ ಹಾಕಿದರು. ಕಾಗದ ಮೇಡಂ ಕೈಗೆ ಹೋಯಿತು. ಅವರು ಒಂದು ಕ್ಷಣ ನಿಂತು ಆ ನಡುಗುವ ಗೆರೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಈಗ ನಂಬಬಹುದು," ಎಂದು ಸಹಿ ಹಾಕಿದರು.

ಸುಳ್ಳು ಸಾಲಿಗಾಗಿ ಲೂಪ್ ಸರ್ ಇಬ್ಬರಿಗೂ ಅಂಕ ಕತ್ತರಿಸಿದ್ದಾರೆ, ಕರುಣೆಯಿಲ್ಲದೆ. ನಿಜ ಹೇಳಿದ್ದಕ್ಕೆ ಇದು ಬಹುಮಾನ! ಅಕ್ಕನ ಅಂಕ ಕತ್ತರಿಸಿದ್ದಂತೂ ಶುದ್ಧ ಅನ್ಯಾಯ. ಹೇಗಾದರೂ ಮಾಡಿ ಗೆರೆ ನೆಟ್ಟಗೆ ಮಾಡಿ ಎಂದು ಯಾರೋ ತಲೆ ತಿಂದರೆ ಅವಳಾದರೂ ಏನು ಮಾಡಬೇಕಿತ್ತು?

ಮಾರ್ಚ್ ೧೭, ಸೋಮವಾರ

ಅಕ್ಕನ ಜೊತೆ ಆಫೀಸಿಗೆ ಹೋದೆ. ಗುಮಾಸ್ತರು ಎರಡೂ ಸಹಿಗಳನ್ನು ಬೆಳಕಿಗೆ ಹಿಡಿದು ನೋಡಿದರು, ಹೊಡೆದುಹಾಕಿದ ಹಳೆಯ ಸಹಿಯನ್ನೂ ನೋಡಿದರು, ಮೊಹರಿಗೆ ಮಸಿ ಹಚ್ಚಿಕೊಂಡರು. ಆಮೇಲೆ ಕೈ ಎತ್ತಿದ್ದವರು ಹಾಗೇ ನಿಲ್ಲಿಸಿ ಕೇಳಿದರು:

"ಯಾವ ವಿಭಾಗ ಅಂತ ಬರ್ಕೊಳ್ಳಲಿ?"

ನೆತ್ತಿಗೇರಿತು. "ಎರಡೂ ರೀ! ಎರಡೂ! ನಾಲ್ಕು ವರ್ಷದಿಂದ ಕೇಳಿದವರಿಗೆಲ್ಲ ಅದನ್ನೇ ಬಾಯಿ ಬಡ್ಕೊಂಡು ಹೇಳ್ತಾ ಇದ್ದೀನಲ್ಲ, ಎರಡೂ ಅಂತ!"

ಗುಮಾಸ್ತರು ಗಾಬರಿಯಾಗಿ ಮೊಹರು ಒತ್ತಿದರು. ಪಕ್ಕದಲ್ಲಿದ್ದ ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ತಲೆ ಓರೆ ಮಾಡಿ, "ಯಾವಾಗಿನದಪ್ಪ ಇದು?" ಎಂದು ಕೇಳಿ ನಗತೊಡಗಿದಳು. ಬಾಗಿಲು ದಾಟಿ ಮೆಟ್ಟಿಲಿಳಿಯುವವರೆಗೂ ನಗುತ್ತಲೇ ಇದ್ದಳು. ಅಷ್ಟರಲ್ಲಿ ಶಾಲೆ ಬಿಡುವ ಹೊತ್ತಾಗಿತ್ತು, ಓಡಿದಳು.

ಇದರಲ್ಲಿ ನಗುವಂಥದ್ದು ಏನಿತ್ತು ಎಂದು ನಾಳೆ ಅವಳ ಮನೆಗೇ ಹೋಗಿ ಕೇಳಬೇಕು. ಮೆಟ್ಟಿಲಿಂದಲೇ ಕೂಗಿ ಕೇಳಬೇಕು.